ಹೈಡ್ರಾಲಿಕ್ ಗುರುಬಸಪ್ಪನವರ ಹೊಂಡ

ರಾಜಾಜಿನಗರದ ನಮ್ಮ ಬ್ಲಾಕಿನಲ್ಲಿ ಆ ಕಾಲಕ್ಕೆ ಗುರುಬಸಪ್ಪ ಎಂಬ ಹೆಸರಿನವರು ನಾಲ್ವರಿದ್ದರು. ಹಾಲಿನವನೂ ಅಂಚೆಯವನೂ ತಬ್ಬಿಬ್ಬಾಗಬಾರದೆಂದು ಜನ ಒಬ್ಬರ ಹಿಂದೆ ಮೇಷ್ಟ್ರು, ಒಬ್ಬರ ಮುಂದೆ ಜವಳಿ, ಇನ್ನೊಬ್ಬರ ಮುಂದೆ ಕೆಮ್ಮು ಎಂದು ಅಂಟಿಸಿಕೊಂಡಿದ್ದರು. ನಾಲ್ಕನೆಯವರು ಹೈಡ್ರಾಲಿಕ್ ಗುರುಬಸಪ್ಪ. ಮಿಕ್ಕ ಮೂವರಿಗೆ ಬಿರುದು ಕೊಟ್ಟವರು ಜನ. ಇವರು ಮಾತ್ರ ಹತ್ತು ವರ್ಷ ಪಟ್ಟಾಗಿ ಕೂತು ಸ್ವಂತ ಸಂಪಾದಿಸಿದ್ದರು.

ಕೂತದ್ದು ಕಾರ್ಖಾನೆಯಲ್ಲಿ, ‘ಹೈಡ್ರಾಲಿಕ್ ವಿಭಾಗ’ ಎಂಬ ಬೋರ್ಡಿನ ನೇರ ಕೆಳಗೆ. ಬಾಗಿಲಿನ ಆಚೆ ಎಣ್ಣೆಯ ಒತ್ತಡದಿಂದ ಟನ್ನುಗಟ್ಟಲೆ ಕಬ್ಬಿಣ ಏಳುತ್ತಿತ್ತು, ಇಳಿಯುತ್ತಿತ್ತು. ಬಾಗಿಲಿನ ಈಚೆ ಗುರುಬಸಪ್ಪನವರು ಯಾರು ಬಂದರು, ಯಾರು ರಜ, ಯಾರಿಗೆ ಎಷ್ಟು ಟೀ ಎಂದು ಬರೆದುಕೊಳ್ಳುತ್ತಿದ್ದರು. ಅಷ್ಟು ವರ್ಷ ಒಂದು ಬೋರ್ಡಿನ ಕೆಳಗೆ ಕೂತವನಿಗೆ ಬೋರ್ಡಿನಿಂದ ಏನಾದರೂ ಸ್ವಲ್ಪ ತೊಟ್ಟಿಕ್ಕಿಯೇ ಇರುತ್ತದೆ ಎಂಬುದು ಅವರ ನಂಬಿಕೆ.

ಇದನ್ನು ಲೋಕಕ್ಕೂ ನಂಬಿಸಿದ್ದು ಬೀದಿ ಕೊನೆಯ ಸಲೂನಿನ ಕುರ್ಚಿ. ಎಣ್ಣೆಯ ಮೇಲೆ ಏರಿಳಿಯುವ ಫಾರಿನ್ ಕುರ್ಚಿ ಅದು. ಒಂದು ಭಾನುವಾರ ಅರ್ಧ ಗಡ್ಡದ ಗಿರಾಕಿಯನ್ನು ಫ್ಯಾನಿನ ಹತ್ತಿರಕ್ಕೆ ಎತ್ತಿ ಅಲ್ಲೇ ನಿಂತುಬಿಟ್ಟಿತು. ಸರದಿಗೆ ಕಾಯುತ್ತಿದ್ದ ಗುರುಬಸಪ್ಪನವರು ಪೇಪರು ಮಡಿಸಿಟ್ಟು, ಬಗ್ಗಿ ನೋಡಿ, “ಸೀಲ್ ಹೋಗಿದೆ” ಎಂದರು. ಆ ಮಾತಿಗೇ ಕಾದಿದ್ದಂತೆ ಕುರ್ಚಿ ಉಸ್ಸೆಂದು ಕೆಳಗಿಳಿಯಿತು. ಸೀಲೆಂದರೆ ಎಣ್ಣೆ ಸೋರದಂತೆ ತಡೆಯುವ ರಬ್ಬರು ಬಳೆ. ಅಂದಿನಿಂದ ಒತ್ತಡ ಎಂಬ ಮಾತು ಬಂದಲ್ಲೆಲ್ಲ ಅವರಿಗೆ ಕರೆ. ಕುಕ್ಕರಿನ ವಿಷಲಿಗೂ ಅವರೇ, ನಲ್ಲಿಯ ನೀರಿಗೂ ಅವರೇ. ಎದುರುಮನೆಯ ಮುದುಕರ ರಕ್ತದೊತ್ತಡಕ್ಕೂ ಒಮ್ಮೆ ಅವರನ್ನೇ ಕೇಳಿದರು. ಅಲ್ಲೂ ಅವರು ಸೀಲ್ ಹೋಗಿದೆ ಎಂದರು. ಎಂಟು ದಿನದಲ್ಲಿ ಮುದುಕರು ಹೋದರು. ಹೆಸರು ಇನ್ನಷ್ಟು ಗಟ್ಟಿಯಾಯಿತು.

ಇಂಥವರಿಗೆ ವಿಜಯನಗರದಲ್ಲಿ ಒಂದು ಸೈಟು ಸಿಕ್ಕಿತ್ತು. ಹನ್ನೊಂದು ವರ್ಷ ಕಾದು, ಮೂರನೇ ಅರ್ಜಿಗೆ ಸಿಕ್ಕಿದ್ದು. ಒಂದು ಕುಟುಂಬಕ್ಕೆ ಒಂದೇ ಸಲ; ಸಿಕ್ಕಿದ್ದು ಕೈಬಿಟ್ಟರೆ ಮತ್ತೆ ಅರ್ಜಿ ಹಾಕುವಂತಿಲ್ಲ ಎಂದು ಸೈಟು ಹಂಚುವ ಆಫೀಸಿನ ಕಾಗದದಲ್ಲೇ ಅಚ್ಚಾಗಿತ್ತು. ಸೈಟು ಹೊಸಹಳ್ಳಿ ದಾಟಿದ ಮೇಲೆ, ಹಿಂದೆ ಇಟ್ಟಿಗೆ ಗೂಡಿಗೆ ಮಣ್ಣು ತೆಗೆದ ಜಾಗ. ಹೆಸರಿಗೆ ಮೂವತ್ತು ನಲವತ್ತು. ನಿಜ ಹೇಳಬೇಕೆಂದರೆ ಮೂವತ್ತು, ನಲವತ್ತು, ಐದು. ಆ ಐದು ಅಡಿ ಆಳ. ಸುತ್ತಮುತ್ತ ಮನೆಗಳೆದ್ದವು, ಇವರ ಸೈಟಿನಲ್ಲಿ ಹೊಸಹಳ್ಳಿಯ ಎಮ್ಮೆಗಳು ಮಧ್ಯಾಹ್ನ ಕಳೆಯುತ್ತಿದ್ದವು. ಕೊನೆಗೆ ದಸರೆಯ ಮುಂಚೆ ನೋಟೀಸು ಬಂತು: ದಸರೆ ಮುಗಿದ ಶನಿವಾರ ಸಂಜೆ ಐದರೊಳಗೆ ಹೊಂಡ ಮುಚ್ಚಿ ನೆಲ ಸಮ ಮಾಡಿರಬೇಕು, ಇನ್ಸ್‌ಪೆಕ್ಟರ್ ಹನುಮಯ್ಯನವರು ಖುದ್ದು ಬಂದು ನೋಡುತ್ತಾರೆ, ತಪ್ಪಿದಲ್ಲಿ ಮಂಜೂರಾತಿ ರದ್ದು.

ಗುರುಬಸಪ್ಪನವರ ಹೆಂಡತಿ ಜಯದೇವಿ ಆ ನೋಟೀಸನ್ನು ಓದಿ ಮಡಿಸಿ ಇಡಲಿಲ್ಲ. ಅದೇ ದಿನ ಹೊರಟಳು. ಅಷ್ಟೂ ವರ್ಷ ಎರಡು ಕೋಣೆಯ ಬಾಡಿಗೆಮನೆಯಲ್ಲಿ, ಆರು ಮನೆಗೆ ಒಂದು ನಲ್ಲಿಯ ಮುಂದೆ ಕೊಡ ಹಿಡಿದು ನಿಂತವಳು ಅವಳು. ಹದಿನೆಂಟು ಲೋಡು ಮಣ್ಣು ತರಿಸಿ ಹೊಂಡದ ಅಂಚಿಗೆ ಸುರಿಸಿದಳು. ಲಗ್ಗೆರೆಯ ಮರಿಯಪ್ಪ ಎಂಬ ಮೇಸ್ತ್ರಿಯನ್ನು ಹಿಡಿದು ಆರು ಆಳುಗಳನ್ನು ಗೊತ್ತುಮಾಡಿದಳು. ಮಗಳ ಸ್ವಂತ ಮನೆಯ ಹೊಸ್ತಿಲು ದಾಟಿಯೇ ಕಣ್ಣು ಮುಚ್ಚುತ್ತೇನೆಂದು ರಾಣೆಬೆನ್ನೂರಿನಿಂದ ತಾಯಿ ಶಾಂತವ್ವನೂ ಬಂದು ಕೂತಿದ್ದರು. ಆಯುಧಪೂಜೆ ಸೋಮವಾರ, ವಿಜಯದಶಮಿ ಮಂಗಳವಾರ. ಬುಧವಾರ ಬೆಳಿಗ್ಗೆ ಆಳುಗಳು ಹೊಂಡಕ್ಕಿಳಿದರು.

ಗುರುಬಸಪ್ಪನವರು ರಜ ಹಾಕಿ ಉಸ್ತುವಾರಿಗೆ ನಿಂತಿದ್ದರು. ಅರ್ಧ ಗಂಟೆ ನೋಡಿದರು. ಒಬ್ಬ ವಿಜ್ಞಾನಿಗೆ ಅರ್ಧ ಗಂಟೆಯೆಂದರೆ ಕಮ್ಮಿಯೇನಲ್ಲ.

“ಯಾವಾಗ ಮುಗಿಸ್ತೀಯಯ್ಯಾ?”

“ಶನಿವಾರ ಮದ್ಯಾನ್ಕೆ ಮುಗಿಸ್ಕೊಡ್ತೀವಿ ಬುದ್ಧಿ,” ಎಂದ ಮರಿಯಪ್ಪ.

“ಮೂರೂವರೆ ದಿನ. ಮಿಷನ್ನು ಇದನ್ನ ಒಂದೂವರೆ ಗಂಟೇಲಿ ಮಾಡತ್ತೆ. ಹೈಡ್ರಾಲಿಕ್ ಅಂದ್ರೆ ಗೊತ್ತೇನು?”

“ಗೊತ್ತಿಲ್ಲ ಬುದ್ಧಿ. ಗುದ್ದಲಿ ಗೊತ್ತು.”

“ಅದಕ್ಕೇ ನೀನು ಹೊಂಡದಲ್ಲಿದೀಯ, ನಾನು ಮೇಲಿದೀನಿ.”

ಮರಿಯಪ್ಪ ಸಾವಧಾನವಾಗಿ ಮೇಲೆ ಹತ್ತಿ ಬಂದ. ಗುದ್ದಲಿಯ ಮಣ್ಣು ಕೊಡವಿದ. ಆರು ಜನರನ್ನೂ ಕರೆದುಕೊಂಡು ನಾಗರಬಾವಿ ಕಡೆ ಯಾರದೋ ಪಾಯ ತೆಗೆಯಲು ಹೊರಟುಹೋದ. ಬುತ್ತಿ ಹೊತ್ತು ಬಂದ ಜಯದೇವಿಗೆ ಹೊಂಡದಲ್ಲಿ ಎಮ್ಮೆಗಳು ಮಾತ್ರ ಕಂಡವು.

“ಆಳುಗಳು?”

“ಕಳಿಸ್ದೆ. ಮಿಷನ್ ಬರತ್ತೆ.”

“ಮಿಷನ್ ಎಲ್ಲಿದೆ?”

“ಚನ್ನವೀರಪ್ಪನವರ ಹತ್ರ ಮಾತಾಡ್ತೀನಿ ಇವತ್ತು.”

“ಮಿಷನ್ ಬಂದ್ಮೇಲೆ ಆಳು ಕಳಿಸಬೋದಿತ್ತಲ್ವಾ?”

ಗುರುಬಸಪ್ಪನವರು ಬುತ್ತಿ ಬಿಚ್ಚಿದರು.

ಚನ್ನವೀರಪ್ಪ ಬಸವೇಶ್ವರನಗರದ ಕಂಟ್ರಾಕ್ಟರು, ಶಾಂತವ್ವನಿಗೆ ದೂರದ ನೆಂಟರು. ಯಾವುದೋ ವಿದೇಶಿ ಯೋಜನೆ ಮುಗಿದಾಗ ಹರಾಜಿನಲ್ಲಿ ಹಿಡಿದ ಪುಟ್ಟ ಟ್ರ್ಯಾಕ್ಟರೊಂದು ಅವರಲ್ಲಿತ್ತು. ಮುಂದೆ ಎರಡು ಕಬ್ಬಿಣದ ತೋಳು, ತೋಳಿನ ತುದಿಗೆ ಮಣ್ಣು ಬಾಚುವ ಬಕೆಟ್ಟು. ಸೀಟಿನ ಪಕ್ಕದ ಹಿಡಿಯನ್ನು ಹಿಂದಕ್ಕೆಳೆದರೆ ಬಕೆಟ್ಟು ಏಳುತ್ತದೆ, ಮುಂದಕ್ಕೆ ತಳ್ಳಿದರೆ ಇಳಿಯುತ್ತದೆ, ಬಿಟ್ಟರೆ ಹಿಡಿ ತಾನೇ ನಡುವಿಗೆ ಬಂದು ಬಕೆಟ್ಟು ಇದ್ದಲ್ಲಿ ನಿಲ್ಲುತ್ತದೆ. ಇಷ್ಟೇ ವಿದ್ಯೆ.

ಆದರೆ ಸೋಮವಾರ ಆ ಟ್ರ್ಯಾಕ್ಟರಿಗೆ ಆಯುಧಪೂಜೆ ನಡೆದಿತ್ತು. ಮಠದಿಂದ ಬಂದ ಅಯ್ಯನವರು ವಿಭೂತಿ ಬಳಿದು, ಕುಂಕುಮ ಹಚ್ಚಿ, ಒಂಬತ್ತೆಳೆಯ ಅರಿಶಿನದ ಕಂಕಣ ತೆಗೆದು, ಎಲ್ಲಿ ಕಟ್ಟುವುದೆಂದು ಸುತ್ತ ನೋಡಿದರು. ಕೈಗೆ ಕಂಕಣ ಕಟ್ಟುವುದು ಪದ್ಧತಿ. ಟ್ರ್ಯಾಕ್ಟರಿನಲ್ಲಿ ಕೈಯಂತೆ ಕಂಡದ್ದು ಆ ಹಿಡಿಯೊಂದೇ. ಹಿಡಿಯನ್ನು ಹಿಂದಕ್ಕೆಳೆದು, ಸೀಟಿನ ಕಂಬಿಗೆ ಸೇರಿಸಿ, ಅರಿಶಿನದ ಕೊಂಬಿನ ಸಮೇತ ಬಿಗಿದು ಕಟ್ಟಿದರು. ಮೇಲೆ ಚೆಂಡುಹೂವಿನ ದಪ್ಪ ಹಾರ ಸುತ್ತಿದರು. ಒಂಬತ್ತು ದಿನ ಯಾರೂ ಬಿಚ್ಚಬಾರದೆಂದರು. ನಮ್ಮವರು ಕಂಕಣಬದ್ಧರಾದ ಮೇಲೆ ಕೆಲಸ ನಿಲ್ಲುವುದು ಹೊಸದೇನಲ್ಲ. ಯಂತ್ರವೊಂದು ಈ ಸಂಪ್ರದಾಯಕ್ಕೆ ಸೇರಿದ್ದು ಅದೇ ಮೊದಲು.

ಗುರುವಾರ ಬೆಳಿಗ್ಗೆ ಟ್ರ್ಯಾಕ್ಟರು ಬಂತು. ಎರಡೂ ತೋಳನ್ನು ಆಕಾಶಕ್ಕೆತ್ತಿ, ಪೋಲೀಸರಿಗೆ ಶರಣಾದವನಂತೆ, ಮಾಗಡಿ ರಸ್ತೆಯುದ್ದಕ್ಕೂ ಕಿರುಚಿಕೊಂಡು ಬಂತು. ಆ ಸದ್ದನ್ನು ಕಾಗದದ ಮೇಲೆ ತರುವುದು ಕಷ್ಟ. ಮೂಗಿನಲ್ಲಿ ‘ಙೀ’ ಎಂದು ಶುರುಮಾಡಿ, ಅದನ್ನು ಹಲ್ಲಿನ ಸಂದಿಗೆ ತಂದು, ಉಸಿರು ಮುಗಿಯುವವರೆಗೂ ಬಿಡದೆ ಹಿಡಿದರೆ ಹತ್ತಿರ ಬರುತ್ತದೆ. ನಾನು ಮಾಡಿ ತೋರಿಸಿದಾಗಲೆಲ್ಲ ಮನೆಯವರು ಕಿಟಕಿ ಮುಚ್ಚುತ್ತಾರೆ.

ಡ್ರೈವರ್ ಮುನಿರಾಮಯ್ಯ ಇಂಜಿನ್ ನಿಲ್ಲಿಸಿ ಇಳಿದ. “ಪೂಜೆ ಆದಾಗ್ಲಿಂದ ಹಿಂಗೇ ಕಣ್ ಸಾ. ಸ್ಟಾರ್ಟ್ ಮಾಡ್ತಿದ್ದಂಗೇ ಕೈ ಎತ್ತುತ್ತೆ, ಇಳ್ಸಲ್ಲ. ಯಾಕಪ್ಪಾ ಅಂದ್ರೆ ಅಯ್ನೋರು ಈ ಹಿಡೀಗೆ...”

“ನಿಲ್ಸು,” ಎಂದರು ಗುರುಬಸಪ್ಪನವರು. “ನೀನ್ಯಾರು?”

“ಡ್ರೈವರ್ ಸಾ.”

“ಡ್ರೈವರ್ ಕೆಲಸ ಸ್ಟೀರಿಂಗು. ಕಾಯಿಲೆ ಏನು ಅಂತ ಕಾಂಪೌಂಡರೇ ಹೇಳೋ ಹಾಗಿದ್ರೆ ಡಾಕ್ಟ್ರು ಯಾಕೆ?”

ಮುನಿರಾಮಯ್ಯ ಇಪ್ಪತ್ತು ವರ್ಷ ಧಣಿಗಳ ಗಾಡಿ ಓಡಿಸಿದವನು. ಬಾಯಿ ಮುಚ್ಚು ಎಂದರೆ ಎಷ್ಟು ಹೊತ್ತು ಎಂದು ಕೇಳುವ ಜಾತಿಯಲ್ಲ. ಬೀಡಿ ಹಚ್ಚಿ ಮಣ್ಣಿನ ಗುಡ್ಡೆಯ ಮೇಲೆ ಕೂತ.

ಗುರುಬಸಪ್ಪನವರು ಎಣ್ಣೆ ತೊಟ್ಟಿಯ ಮೇಲೆ ಕಿವಿಯಿಟ್ಟರು. ಪೈಪುಗಳನ್ನು ಒಂದೊಂದಾಗಿ, ನಾಡಿ ಹಿಡಿದಂತೆ, ಎರಡು ಬೆರಳಿನಿಂದ ಒತ್ತಿದರು. ಹೂವಿನ ಹಾರದ ಹತ್ತಿರ ಬಂದಾಗ ಕೈಮುಗಿದು ದಾಟಿದರು. ಕೊನೆಗೆ ಎದ್ದು ನಿಂತು ಕನ್ನಡಕ ಒರೆಸಿದರು.

“ಸೀಲ್ ಹೋಗಿದೆ.”

ಪಕ್ಕದ ಸೈಟಿನಲ್ಲಿ ಆಗಲೇ ಮನೆ ಕಟ್ಟಿ ಮುಗಿಸಿದ್ದ ಅಂಜಿನಯ್ಯ ಜಗಲಿಯ ಮೇಲೆ ಕಾಫಿ ಹಿಡಿದು ನಿಂತಿದ್ದರು. “ಏನ್ ಸಾರ್, ಕೈ ಎತ್ತಿಕೊಂಡು ನಿಂತುಬಿಟ್ಟಿದೆ. ಯೂನಿಯನ್ ಗಾಡಿಯೋ?”

“ಇದು ಆಳವಾದ ಫಾಲ್ಟು ಅಂಜಿನಯ್ಯನವರೇ. ಎಣ್ಣೇಲಿ ಗಾಳಿ ಸೇರಿದೆ. ಗಾಳಿ ಸೇರಿದ್ರೆ ಮನುಷ್ಯನೂ ಹೀಗೇ ಕಿರುಚ್ತಾನೆ.”

ಕಂಬಳಿ ಹಾಸಿ ಕೂತಿದ್ದ ಶಾಂತವ್ವ ಟ್ರ್ಯಾಕ್ಟರನ್ನು ಮೇಲಿಂದ ಕೆಳಗೆ ನೋಡಿದರು. “ಹೊಂಡದಾಗ ಆಳು ಇದ್ರ ಮಣ್ಣು ಬೀಳ್ತೈತಿ. ಇದು ಮುಗಲಿಗೆ ಕೈ ಮಾಡಿ ಮಳಿ ಕರಿಯಾಕತ್ತೈತಿ. ಮಳಿ ಬಂದ್ರ ನಿಮ್ಮ ಹೊಂಡ ತುಂಬತೈತಿ ಬಿಡು, ಅಳಿಯಾ. ನೀರಿಲೆ.”

ಗುರುವಾರವೆಲ್ಲ ಚಿಂತನೆಯಲ್ಲಿ ಕಳೆಯಿತು. ಶುಕ್ರವಾರ ಪ್ರಯೋಗ. ಗಾಳಿ ಬಿಡಿಸಬೇಕೆಂದು ಗುರುಬಸಪ್ಪನವರು ಪಂಪಿನಿಂದ ಹೊರಡುವ ಪೈಪಿನ ನಟ್ಟನ್ನು ಮೂರು ಸುತ್ತು ಸಡಿಲಿಸಿ, ಮುನಿರಾಮಯ್ಯನಿಗೆ ಇಂಜಿನ್ ಶುರುಮಾಡಲು ಹೇಳಿದರು. ಮುನಿರಾಮಯ್ಯ ಸೀಟಿನಿಂದ ಸಾಧ್ಯವಾದಷ್ಟು ವಾಲಿಕೊಂಡು ಶುರುಮಾಡಿದ. ಬಿಸಿ ಎಣ್ಣೆ ಕೋಲಿನಂತೆ ನೇರ ಹೊರಟು, ಗುರುಬಸಪ್ಪನವರ ಕಿವಿಯ ಪಕ್ಕ ಹಾದು, ಅಂಜಿನಯ್ಯನವರ ಗೋಡೆಯ ಮೇಲೆ ಬಾಗಿಲಿನಿಂದ ಕಿಟಕಿಯವರೆಗೆ ಒಂದು ನಕಾಶೆ ಬರೆಯಿತು. ಗೃಹಪ್ರವೇಶಕ್ಕೆ ಹೊಡೆಸಿದ ಸುಣ್ಣ ಇನ್ನೂ ಕೈಗೆ ಅಂಟುತ್ತಿದ್ದ ಗೋಡೆ ಅದು.

“ಗಾಳಿ ಹೋಯ್ತು,” ಎಂದರು ಗುರುಬಸಪ್ಪನವರು.

“ಗಾಳಿ ಅಲ್ಲ ಸಾರ್ ಇದು,” ಎಂದರು ಅಂಜಿನಯ್ಯ, ಗೋಡೆಗೆ ಬೆರಳಾಡಿಸಿ ಮೂಸಿ ನೋಡಿ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗಿನಿಂದ ಅವರ ಹೆಂಡತಿ ಅಳುವುದು ಕೇಳಿಸಿತು.

ತೊಟ್ಟಿ ಖಾಲಿಯಾಯಿತು. ಬಕೆಟ್ಟು ಮಾತ್ರ ಮೇಲೆಯೇ ಇತ್ತು. ಎಣ್ಣೆಯ ಬರದ ಕಾಲ ಅದು. ಹೈಡ್ರಾಲಿಕ್ ಎಣ್ಣೆ ಎಂದಕೂಡಲೇ ಬಂಕಿನವನು ಕೂಡ ಕೈ ಎತ್ತಿದ. ಸಂಜೆ ಗುರುಬಸಪ್ಪನವರು ಮನೆಗೆ ಬಂದು ಅಡಿಗೆಮನೆಯ ಅಟ್ಟದಿಂದ ಕಡಲೆಕಾಯಿ ಎಣ್ಣೆಯ ಡಬ್ಬ ಇಳಿಸಿದರು. ದೀಪಾವಳಿಗೆಂದು ಜಯದೇವಿ ಮೂರು ತಿಂಗಳು ಕ್ಯೂ ನಿಂತು ಕೂಡಿಟ್ಟದ್ದು. ಅವಳು ಡಬ್ಬದ ಮೇಲೆ ಕೈಯಿಟ್ಟಳು.

“ಇದು ಕರಿಯೋ ಎಣ್ಣೆ ಕಣ್ರೀ.”

“ಎಣ್ಣೆ ಎಣ್ಣೆಯೇ ಕಣೇ. ಒತ್ತಡಕ್ಕೆ ಜಾತಿ ಇಲ್ಲ.”

“ನಾಳೆ ಶನಿವಾರ.”

“ಅದಕ್ಕೇ ಕೇಳ್ತಿರೋದು.”

ಅವಳು ಕೈ ತೆಗೆದಳು. ಸಾಲದ್ದಕ್ಕೆ ಶಾಂತವ್ವನ ಅಭ್ಯಂಜನದ ಹರಳೆಣ್ಣೆಯ ಶೀಶೆಯೂ ಹೋಯಿತು.

ಶನಿವಾರ ಬೆಳಿಗ್ಗೆ ನಟ್ಟು ಬಿಗಿದು, ಅಷ್ಟನ್ನೂ ತೊಟ್ಟಿಗೆ ಸುರಿದು ಇಂಜಿನ್ ಶುರುಮಾಡಿದಾಗ ಪಂಪು ಮತ್ತೆ ಕಿರುಚಿತು. ಎಣ್ಣೆ ಕಾಯಿತು. ಹತ್ತು ನಿಮಿಷದಲ್ಲಿ ಹೊಸಹಳ್ಳಿಯವರೆಗೂ ಬೋಂಡ ಕರಿದ ವಾಸನೆ ಹಬ್ಬಿತು. ಹೊಟ್ಟೆಪಾಡಿನವರು, ಹೊತ್ತು ಹೋಗದವರು, ಇಬ್ಬರು ಪೋಸ್ಟ್‌ಮನ್ನರು ಬಂದು ನಿಂತರು. ಒಬ್ಬ ಅಜ್ಜ, “ಗೃಹಪ್ರವೇಶಾನಾ ಅಮ್ಮಾ?” ಎಂದು ಜಯದೇವಿಯನ್ನು ಕೇಳಿದ. ಅವಳು ಹೊಂಡದ ಕಡೆ ತಿರುಗಿಕೊಂಡಳು. ಅಜ್ಜ ಕಾದು ನೋಡುವವನಂತೆ ಕಲ್ಲಿನ ಮೇಲೆ ಕೂತುಕೊಂಡ.

ಅದೇ ಹೊತ್ತಿಗೆ ಚನ್ನವೀರಪ್ಪ ತಮ್ಮ ಯಂತ್ರದ ಕ್ಷೇಮ ವಿಚಾರಿಸಲು ಸ್ಕೂಟರಿನಲ್ಲಿ ಬಂದರು. ಇಂಜಿನ್ನಿನ ನಡುಕಕ್ಕೆ, ಐದು ದಿನದ ಬಿಸಿಲಿಗೆ, ಬಾಡಿದ ಚೆಂಡುಹೂವಿನ ಹಾರ ಆಗಷ್ಟೇ ಕಳಚಿ ಬಿತ್ತು. ಹಿಂದಕ್ಕೆಳೆದು ಕಂಬಿಗೆ ಬಿಗಿದ ಹಿಡಿ, ಅದರ ಸುತ್ತ ಒಂಬತ್ತೆಳೆ ದಾರ, ದಾರದಲ್ಲಿ ಅರಿಶಿನದ ಕೊಂಬು. ಬೋಂಡಕ್ಕೆ ಬಂದವರಿಗೂ ಅರ್ಥವಾಯಿತು.

ಮುನಿರಾಮಯ್ಯ ಬೀಡಿ ಆರಿಸಿ, ಯಾರ ಕಡೆಗೂ ನೋಡದೆ, “ಈಗ ಮಾತಾಡ್ಬೋದಾ ಸಾ?” ಎಂದು ಕೇಳಿದ.

ಯಾರೂ ಬೇಡವೆನ್ನಲಿಲ್ಲ. ಅವನು ಹಿಡಿಯ ಕಡೆ ಗದ್ದ ತೋರಿಸಿದ. “ಅದನ್ ಬಿಚ್ಚಿದ್ರೆ ಇಳೀತೈತೆ. ಒಂದೂವರೆ ಗಂಟೆ ಕೆಲ್ಸ.”

ಜಯದೇವಿ ಚನ್ನವೀರಪ್ಪನವರ ಮುಂದೆ ಬಂದು ನಿಂತಳು. “ಅಣ್ಣಾ, ಬಿಚ್ಚಿಸಿಕೊಡಿ.”

ಚನ್ನವೀರಪ್ಪ ಕೆಟ್ಟವರಲ್ಲ. ಹೆದರಿದವರು. “ತಂಗೀ, ಬುಧವಾರದ ತನಕ ಬಿಚ್ಚೋ ಹಾಗಿಲ್ಲ. ಹೋದ ವರ್ಷ ನಮ್ಮಣ್ಣ ಲಾರಿ ಕಂಕಣ ಮೂರನೇ ದಿನಕ್ಕೆ ತೆಗೆಸಿದ. ನಾಲ್ಕನೇ ದಿನ ಲಾರಿ ಕುಣಿಗಲ್ ಹತ್ರ ಮಗುಚಿಕೊಳ್ತು. ಅಣ್ಣ ಈಗ ಎದ್ದು ಕೂರಬೇಕಾದ್ರೂ ಇಬ್ಬರು ಹಿಡೀಬೇಕು.” ಸುತ್ತ ನಿಂತವರು ಲೊಚಗುಟ್ಟಿದರು. ಚನ್ನವೀರಪ್ಪ ತಲೆ ಬಗ್ಗಿಸಿ ಯೋಚಿಸಿದರು. “ಆದ್ರೂ ನಿಮ್ಮ ಸೈಟಿನ ಪ್ರಶ್ನೆ. ಆ ಪಾಪ ನಾನು ಹೊರೋದಿಲ್ಲ. ಗುರುಬಸಪ್ಪನವರೇ, ನೀವು ತಿಳಿದವರು. ಇಷ್ಟು ಜನರ ಮುಂದೆ ಒಂದು ಮಾತು ಹೇಳಿಬಿಡಿ. ದೋಷ ಈ ದಾರದ್ದೇ, ಮಿಷನ್ನಿಂದಲ್ಲ ಅಂತ. ನೀವು ಹೇಳಿದ ಮರುಗಳಿಗೆ ನಾನೇ ಬಿಚ್ತೀನಿ. ನಾಳೆ ಅಯ್ಯನವರು ಕೇಳಿದ್ರೆ ಹೈಡ್ರಾಲಿಕ್ ಗುರುಬಸಪ್ಪನವರು ಅಂದ್ರು ಅಂತೀನಿ.”

ಎಲ್ಲರೂ ಗುರುಬಸಪ್ಪನವರ ಕಡೆ ತಿರುಗಿದರು. ಬೋಂಡದ ಅಜ್ಜನೂ ತಿರುಗಿದ. ಅಂಜಿನಯ್ಯನವರ ಬಾಗಿಲು ಅರ್ಧ ತೆರೆಯಿತು. ಗುಂಪಿನಲ್ಲಿ ಕಾರ್ಖಾನೆಯ ಇಬ್ಬರು ಫಿಟ್ಟರುಗಳಿದ್ದದ್ದು ಗುರುಬಸಪ್ಪನವರಿಗೆ ಆಗ ಕಾಣಿಸಿತು. ಅವರು ದಿನಾ ಇವರ ಹತ್ತಿರ ಟೀ ಲೆಕ್ಕ ಬರೆಸುವವರು. ಬಾಯಿಗೆ ಕರವಸ್ತ್ರ ಅಡ್ಡ ಹಿಡಿದಿದ್ದರು.

ಎರಡು ದಿನ, ಒಂದು ಗೋಡೆ, ಒಂದು ಡಬ್ಬ ಎಣ್ಣೆ. ಎಲ್ಲ ಒಂದು ದಾರಕ್ಕೆ.

ಗುರುಬಸಪ್ಪನವರು ಗಂಟಲು ಸರಿಮಾಡಿಕೊಂಡರು. “ದಾರ ಇದೆ. ಇಲ್ಲ ಅನ್ನಲ್ಲ. ದಾರವೂ ಒಂದು ಸಹಾಯಕ ಕಾರಣ ಇರಬಹುದು. ಆದರೆ ಮೂಲ ದೋಷ ಸೀಲು.”

“ಹಾಗಾದ್ರೆ ಬಿಚ್ಚಿ ಪ್ರಯೋಜನ ಇಲ್ಲ,” ಎಂದರು ಚನ್ನವೀರಪ್ಪ, ನಿಟ್ಟುಸಿರು ಬಿಟ್ಟು. ಮುನಿರಾಮಯ್ಯನಿಗೆ ಯಾರಿಗೂ ಹಿಡಿ ಮುಟ್ಟಲು ಬಿಡಬೇಡವೆಂದು ಹೇಳಿ, ಅಲ್ಲೇ ನೆರಳಲ್ಲಿ ಮೂರರ ತನಕ ಕಾವಲು ಕೂತು, ಆಮೇಲೆ ಊಟಕ್ಕೆ ಹೋದರು.

ಜಯದೇವಿ ಗಂಡನ ಮುಖವನ್ನು ನೋಡಿದಳು. ಜಗಳವಾಡಲಿಲ್ಲ. ಹೆಂಡತಿ ಜಗಳವಾಡದಿದ್ದರೆ ಗಂಡಸಿಗೆ ಎಷ್ಟು ಕಷ್ಟ ಎಂಬುದನ್ನು ಮದುವೆಯಾದವರು ಬಲ್ಲರು. ಅವಳು ಅಂಜಿನಯ್ಯನವರ ಹೆಂಡತಿಯಿಂದ ಒಂದು ಬಿದಿರು ಬುಟ್ಟಿ ಕೇಳಿ ತಂದಳು. ಎಣ್ಣೆ ಬಿದ್ದ ಗೋಡೆಯ ಮನೆಯಿಂದ ಬುಟ್ಟಿ ಹೇಗೆ ಸಿಕ್ಕಿತೋ ನನಗೆ ತಿಳಿಯದು. ಸೆರಗು ಕಟ್ಟಿ, ಕೈಯಿಂದಲೇ ಮಣ್ಣು ಬಾಚಿ ಬುಟ್ಟಿಗೆ ತುಂಬಿ, ಹೊಂಡದ ಅಂಚಿಗೆ ನಡೆದು ಸುರಿದಳು. ತಿರುಗಿ ಬಂದಳು. ಎಪ್ಪತ್ತು ವರ್ಷದ ಶಾಂತವ್ವ ಎದ್ದು ಬಂದು ತುಂಬಲು ಕೂತರು. ತಲೆಯ ಮೇಲೆ ಕಬ್ಬಿಣದ ಬಕೆಟ್ಟು ಆಶೀರ್ವಾದ ಮಾಡುವಂತೆ ನಿಂತಿತ್ತು. ಗುರುಬಸಪ್ಪನವರು ಸ್ಪ್ಯಾನರು ಹಿಡಿದು ಒಂದು ನಟ್ಟನ್ನು ಬಿಗಿ ಮಾಡುತ್ತಿದ್ದರು, ಸಡಿಲ ಮಾಡುತ್ತಿದ್ದರು.

ಮೂರೂಕಾಲಿಗೆ ಹನುಮಯ್ಯನವರು ಬಂದರು. ಛತ್ರಿ, ಫೈಲು, ಸ್ಟಾಂಪ್ ಪ್ಯಾಡು. ಛತ್ರಿಯನ್ನು ಹೊಂಡದೊಳಗೆ ಇಳಿಬಿಟ್ಟು ಆಳ ನೋಡಿದರು. ಛತ್ರಿ ಸಾಲಲಿಲ್ಲ.

“ಏನ್ರಪ್ಪಾ ಇದು. ಇನ್ನೂ ಎಮ್ಮೆ ಹೆಜ್ಜೆ ಇದೆ ಒಳಗೆ.”

“ಸಾರ್, ಮಿಷನ್ ತರಿಸಿದೀನಿ. ಫೇಲಾಗಿದೆ.” ಗುರುಬಸಪ್ಪನವರು ಶುರುಮಾಡಿದರು. ಒತ್ತಡ ಎಂದರೇನು, ಗಾಳಿ ಎಲ್ಲಿಂದ ಬರುತ್ತದೆ, ಸೀಲು ಎಲ್ಲಿ ಕೂರುತ್ತದೆ, ಕೂತದ್ದು ಯಾಕೆ ಏಳುತ್ತದೆ. ಹತ್ತು ವರ್ಷ ಬೋರ್ಡಿನಿಂದ ತೊಟ್ಟಿಕ್ಕಿದ್ದೆಲ್ಲ ಆ ಹತ್ತು ನಿಮಿಷದಲ್ಲಿ ಹರಿಯಿತು. ಹನುಮಯ್ಯನವರಿಗೆ ಅರ್ಥವಾಗಲಿಲ್ಲವಾದ್ದರಿಂದ ಗೌರವ ಹುಟ್ಟಿತು.

“ಹಾಗಂದ್ರೆ ಯಾಂತ್ರಿಕ ವೈಫಲ್ಯ ಅನ್ನಿ,” ಎಂದರು. “ಅದಕ್ಕೆ ರೂಲ್ಸ್‌ನಲ್ಲಿ ಅವಕಾಶ ಇದೆಯಪ್ಪಾ. ತರಿಸಿದ ಮಿಷನ್ ಕೆಟ್ಟು ನಿಂತಿದ್ರೆ ಹದಿನೈದು ದಿನ ಕೊಡಬಹುದು. ನಾನು ಕಣ್ಣಾರೆ ನೋಡಿ ಬರೀಬೇಕು ಅಷ್ಟೆ. ಎಲ್ಲಿ, ನೋಡೋಣ, ಸ್ಟಾರ್ಟ್ ಮಾಡ್ಸಿ.”

ಮುನಿರಾಮಯ್ಯ ಶುರುಮಾಡಿದ. ಪಂಪು ಕಿರುಚಿತು, ಬಕೆಟ್ಟು ಅಲುಗಲಿಲ್ಲ. ಹನುಮಯ್ಯನವರು ತಲೆದೂಗಿ ಪೆನ್ನಿನ ಟೊಪ್ಪಿ ತೆಗೆದರು. “ಸದರಿ ಯಂತ್ರವು” ಎಂದು ಬಾಯಲ್ಲಿ ಹೇಳಿಕೊಳ್ಳುತ್ತಾ ಬರೆಯತೊಡಗಿದರು. ಗುರುಬಸಪ್ಪನವರು ಹೆಂಡತಿಯ ಕಡೆಗೆ ನೋಡಿದ ನೋಟದಲ್ಲಿ, ಸುಮ್ಮನೆ ಹೇಳಬಾರದು, ಹತ್ತು ಫಿಟ್ಟರುಗಳ ಗರ್ವವಿತ್ತು.

ಶಾಂತವ್ವ ಮಣ್ಣು ತುಂಬುತ್ತಾ ಟ್ರ್ಯಾಕ್ಟರಿನ ಆ ಕಡೆ ಇದ್ದರು. ಅವರಿಗೆ ರೂಲ್ಸು ಕೇಳಿಸಲಿಲ್ಲ. ಕಿರುಚಾಟದಲ್ಲಿ ಯಾರಿಗೂ ಏನೂ ಕೇಳಿಸುವಂತಿರಲಿಲ್ಲ. ಅವರಿಗೆ ಕಂಡದ್ದು ಇಷ್ಟೆ: ಮಗಳ ಬೆರಳ ತುದಿಯಲ್ಲಿ ರಕ್ತ, ಸರಕಾರದವನ ಕೈಯಲ್ಲಿ ಪೆನ್ನು, ಕಾವಲು ಕೂತಿದ್ದ ಚನ್ನವೀರಪ್ಪನ ಜಾಗ ಖಾಲಿ. ಸೊಂಟದ ಚೀಲದಿಂದ ಅಡಕತ್ತರಿ ತೆಗೆದರು. “ತಂದೀ, ನಿನ್ನ ಸಿಟ್ಟು ನನ್ನ ಮ್ಯಾಲಿರ್ಲಿ,” ಎಂದು ಹಿಡಿಗೆ ಒಮ್ಮೆ ಕೈಮುಗಿದು, ಒಂಬತ್ತೆಳೆಯನ್ನೂ ಅಡಕೆ ಹೋಳು ಮಾಡಿದಂತೆ ಒಂದೇ ಸಲಕ್ಕೆ ಕತ್ತರಿಸಿದರು.

ಹಿಡಿ ಟಪ್ಪೆಂದು ನಡುವಿಗೆ ಹಾರಿತು. ಕಿರುಚಾಟ ನಿಂತಿತು. ಐದು ದಿನ ಆ ಸದ್ದಿನೊಳಗೆ ಬದುಕಿದ್ದ ಮುನಿರಾಮಯ್ಯ, ಅಭ್ಯಾಸಬಲದಿಂದ, ಹಿಡಿಯನ್ನು ಮುಂದಕ್ಕೆ ತಳ್ಳಿದ. ಬಕೆಟ್ಟು ಮದುಮಗಳಂತೆ ತಲೆ ತಗ್ಗಿಸಿ, ನಿಧಾನವಾಗಿ, ಒಂದು ಚೂರೂ ಕುಲುಕದೆ ಕೆಳಗಿಳಿದು, ಹನುಮಯ್ಯನವರ ಕಾಲಬುಡದಲ್ಲಿ ನೆಲ ಮುಟ್ಟಿತು.

ಹನುಮಯ್ಯನವರು ಪೆನ್ನು ಎತ್ತಿದರು. “ಸರಿ ಇದೆಯಲ್ಲಪ್ಪಾ.”

“ಇಲ್ಲ ಸಾರ್, ಇದು ತಾತ್ಕಾಲಿಕ...”

“ಕಣ್ಣಾರೆ ನೋಡಿ ಬರೀಬೇಕು ಅಂತ ನಾನೇ ಹೇಳಿದೆ. ನೋಡಿದೆ. ಸರಿ ಇದೆ.” ಬರೆದ ಸಾಲನ್ನು ಹೊಡೆದುಹಾಕಿದರು. ಗಡಿಯಾರ ನೋಡಿಕೊಂಡರು. “ಈಗ ಮೂರೂವರೆ. ಐದರ ತನಕ ನನ್ನ ಡ್ಯೂಟಿ. ಮುಚ್ಚಿದ್ರೆ ಮುಚ್ಚಿದೆ ಅಂತಲೇ ಬರೀತೀನಿ. ಕೂತಿರ್ತೀನಿ, ಮಾಡಿ.”

ಮುನಿರಾಮಯ್ಯ ಯಾರ ಅಪ್ಪಣೆಗೂ ಕಾಯಲಿಲ್ಲ. ಬಕೆಟ್ಟು ಗುಡ್ಡೆಗೆ ನುಗ್ಗಿತು, ಎದ್ದಿತು, ಹೊಂಡಕ್ಕೆ ಸುರಿಯಿತು. ಹಿಂದೆ ಬಂತು, ಮತ್ತೆ ನುಗ್ಗಿತು. ಜನ ಎಣಿಸತೊಡಗಿದರು. ಹತ್ತು. ಇಪ್ಪತ್ತು. ಅಂಜಿನಯ್ಯ ಜಗಲಿಯಿಂದಿಳಿದು ಹನುಮಯ್ಯನವರಿಗೆ ಕುರ್ಚಿ ಹಾಕಿದರು. ಹೊಂಡದ ಒಂದು ಮೂಲೆ ನೆಲದ ಮಟ್ಟಕ್ಕೆ ಬಂತು. ಜಯದೇವಿ ಬುಟ್ಟಿ ಹಿಡಿದೇ ನಿಂತು, ತುಟಿಯಲ್ಲಿ ಎಣಿಸುತ್ತಿದ್ದಳು. ಮೂವತ್ತು. ಶಾಂತವ್ವ ತಾವು ದಾಟುವ ಹೊಸ್ತಿಲು ಎಲ್ಲಿ ಬರಬೇಕೆಂದು ಮುನಿರಾಮಯ್ಯನಿಗೆ ಕೋಲಿನಿಂದ ತೋರಿಸಿದರು.

ಮೂವತ್ತೆಂಟನೆಯ ಬಕೆಟ್ಟು ಗುಡ್ಡೆಯಿಂದ ಒಂದು ಅಡಿ ಎದ್ದು ಯೋಚಿಸಿತು. ಆಮೇಲೆ ಇಳಿಯಿತು. ಮುನಿರಾಮಯ್ಯ ಹಿಡಿಯನ್ನು ಪೂರ್ತಿ ಹಿಂದಕ್ಕೆಳೆದ. ಪಂಪಿನ ಕೆಳಗಿನಿಂದ ಬೆಳ್ಳಗೆ ನೊರೆ ಉಕ್ಕಿ, ಕಡಲೆಕಾಯಿಯೂ ಹರಳೂ ಕಲೆತ ಬಿಸಿ ಎಣ್ಣೆ ಕೆಮ್ಮಣ್ಣಿನ ಮೇಲೆ ಗಟಗಟ ಸುರಿಯಿತು. ಮೆತ್ತಗಾಗಿ, ಊದಿಕೊಂಡು, ಹಪ್ಪಳದಂತೆ ಮಡಿಚಿಕೊಂಡ ಒಂದು ರಬ್ಬರು ಬಳೆ ಎಣ್ಣೆಯ ಜೊತೆ ಹೊರಗೆ ಬಂದು ಬಿತ್ತು.

ಗುರುಬಸಪ್ಪನವರು ಅದನ್ನು ಎತ್ತಿಕೊಂಡರು. ಅಂಗೈಯಲ್ಲಿಟ್ಟು ನೋಡಿದರು. ಜನ್ಮದಲ್ಲಿ ಮೊದಲ ಸಲ ಅವರು ಒಂದು ಸೀಲನ್ನು ಕಣ್ಣಾರೆ ಕಾಣುತ್ತಿದ್ದರು.

“ಸೀಲ್ ಹೋಗಿದೆ,” ಎಂದರು.

ಇದು ನಿಜವಾಗಿತ್ತು. ಹನುಮಯ್ಯನವರ ಹತ್ತಿರ ಓಡಿದರು. “ಸಾರ್, ನೋಡಿ, ಈಗ ನಿಜವಾಗ್ಲೂ ಹೋಗಿದೆ. ಯಾಂತ್ರಿಕ ವೈಫಲ್ಯ.”

ಹನುಮಯ್ಯನವರು ರಬ್ಬರು ಬಳೆಯನ್ನು ಮೂಸಿದರು. “ಬೋಂಡ ವಾಸನೆ ಬರ್ತಿದೆಯಲ್ಲಪ್ಪಾ.” ಮುಖದಲ್ಲಿ ಸಿಟ್ಟಿರಲಿಲ್ಲ. “ಅರ್ಧ ಗಂಟೆ ಹಿಂದೆ ಕೆಟ್ಟಿದೆ ಅಂದ್ರಿ, ಸರಿ ಇತ್ತು. ಈಗ ಕೆಟ್ಟಿದೆ ಅಂತೀರಿ. ನಾಳೆ ಮೇಲಿನವರು ಕೇಳಿದ್ರೆ ನಾನು ಯಾವುದನ್ನ ಹೇಳ್ಲಿ? ಆಳುಗಳನ್ನ ಯಾಕೆ ಇಟ್ಕೊಳ್ಳಿಲ್ಲ?”

ಗುರುಬಸಪ್ಪನವರು ಹೊಂಡದ ಕಡೆ ನೋಡಿದರು.

ಹನುಮಯ್ಯನವರು ಐದರವರೆಗೂ ಕಾದರು. ಅದು ಅವರ ದೊಡ್ಡತನ. ಅಷ್ಟರಲ್ಲಿ ಜಯದೇವಿ, ಶಾಂತವ್ವ, ಅಂಜಿನಯ್ಯ, ಬೋಂಡದ ಅಜ್ಜ, ಕೊನೆಗೆ ಕರವಸ್ತ್ರ ಜೇಬಿಗೆ ಹಾಕಿಕೊಂಡ ಆ ಇಬ್ಬರು ಫಿಟ್ಟರುಗಳೂ, ಸಿಕ್ಕಿದ ಬಾಣಲೆ ಬಕೆಟ್ಟು ಹಿಡಿದು ಮಣ್ಣು ಹಾಕಿದರು. ಹೊಂಡ ದೊಡ್ಡದಿತ್ತು. ಐದು ಹೊಡೆಯಿತು. ಹನುಮಯ್ಯನವರು ಫೈಲನ್ನು ಮೊಣಕಾಲ ಮೇಲಿಟ್ಟು ಎರಡು ಸಾಲು ಬರೆದು, ಪ್ಯಾಡಿಗೆ ಒತ್ತಿ, ಕಾಗದಕ್ಕೆ ಒತ್ತಿದರು. ಒಂದು ಸೀಲು ಹೋದ ಸಂಜೆಯೇ ಇನ್ನೊಂದು ಸೀಲು ಬಿತ್ತು.

“ನೋಡಿದ್ದೀನಿ ಅಂತ ಒಂದು ರುಜು. ಪಕ್ಕದಲ್ಲಿ ಉದ್ಯೋಗ ಬರೀರಿ.”

ಗುರುಬಸಪ್ಪನವರು ರುಜು ಮಾಡಿದರು. ಉದ್ಯೋಗದ ಮುಂದೆ ಪೆನ್ನು ಸ್ವಲ್ಪ ನಿಂತಿತು. ಆಮೇಲೆ, ಫಿಟ್ಟರುಗಳು ಬಗ್ಗಿ ನೋಡುತ್ತಿರುವಾಗಲೇ, ಗುಮಾಸ್ತ ಎಂದು ಬರೆದರು. ಅಕ್ಷರ ಚೆನ್ನಾಗಿತ್ತು.

ಜಯದೇವಿ ಆಗ ತುಂಬಿದ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ನಿಂತಿದ್ದಳು. ಹನುಮಯ್ಯನವರು ಛತ್ರಿ ಬಿಚ್ಚಿ ಹೊರಟವರು ಅವಳ ಮುಂದೆ ನಿಂತು, “ಇಳಿಸಮ್ಮ ಇನ್ನು. ಮುಗೀತು,” ಎಂದರು.

“ಜಯಾ,” ಎಂದರು ಗುರುಬಸಪ್ಪನವರು, “ಇಳಿಸೇ. ಅದು ನಮ್ಮದಲ್ಲ ಈಗ.”

“ಗೊತ್ತು,” ಎಂದಳು. “ತುಂಬಿ ಆಗಿದೆ.”

ಹೊಂಡದ ಅಂಚಿನವರೆಗೆ ನಡೆದು, ಬುಟ್ಟಿ ಇಳಿಸಿ, ಮಣ್ಣನ್ನು ಒಳಕ್ಕೆ ಸುರಿದಳು. ಮಗುಚಿ ಎರಡು ಸಲ ತಳ ತಟ್ಟಿದಳು. ಬುಟ್ಟಿಯನ್ನು ಅಂಜಿನಯ್ಯನವರ ಜಗಲಿಯ ಮೇಲಿಟ್ಟು, ತಾಯಿಯ ಕೈಹಿಡಿದು, ಬಸ್ ಸ್ಟಾಪಿನ ಕಡೆ ನಡೆದಳು. ಗುರುಬಸಪ್ಪನವರು ಸ್ವಲ್ಪ ಹಿಂದೆ ಬಂದರು.